ಬೆರಳಿಗೆ ಹತ್ತದ ಎಣ್ಣೆ

ಇಳಿಜಾರಿನ ಮೊದಲ ತಿರುವಿನಲ್ಲಿ ಮೋಟಾರ್ ಸೈಕಲ್ ಮಗ್ಗುಲಾಗಿ ಬಿದ್ದಿತ್ತು. ಹೆಡ್‌ಲೈಟ್ ಇನ್ನೂ ಉರಿಯುತ್ತಿತ್ತು. ದೂರಪ್ರಯಾಣಕ್ಕೆಂದು ಹಿಂದೆ ಬಿಗಿದಿದ್ದ ಪೆಟ್ಟಿಗೆ ಬಾಯಿ ಬಿಟ್ಟು, ಇಸ್ತ್ರಿ ಮಾಡಿದ ಅಂಗಿಗಳು ರಸ್ತೆಯ ತುಂಬ ಹರಡಿದ್ದವು. ಸವಾರನನ್ನು ಮೊದಲ ಟ್ರಿಪ್ಪಿನ ಬಸ್ ಡ್ರೈವರ್ ಬಸ್ಸಿನಲ್ಲೇ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದಿದ್ದ. ನಾವು ತಲುಪಿದಾಗ ಅಲ್ಲಿ ಉಳಿದದ್ದು ಗಾಡಿ, ಅಂಗಿಗಳು ಮತ್ತು ಪುಕ್ಕಟೆ ಅಭಿಪ್ರಾಯ ಕೊಡಲು ನಿಂತ ಹತ್ತಾರು ಜನ.

ನಾನು ಠಾಣೆಯ ಜೀಪ್ ಡ್ರೈವರ್. ನನಗೆ ಸ್ಟಿಯರಿಂಗ್ ಹಿಡಿಯಲು ಬರುತ್ತದೆ, ಬಾಯಿ ಹಿಡಿಯಲು ಬರುವುದಿಲ್ಲ ಎಂದು ಇನ್ಸ್‌ಪೆಕ್ಟರ್ ಮೇಡಂ ಹೇಳುತ್ತಾರೆ. ಅವರಿಗಿರುವುದು ಬರೀ ಮೂಗಲ್ಲ, ಅದೇ ಇನ್ನೊಂದು ಇಲಾಖೆ. ಠಾಣೆಯಲ್ಲಿ ಯಾರು ಕದ್ದು ಸಿಗರೇಟು ಸೇದಿದರು ಎಂಬುದು ಅವರಿಗೆ ಮೆಟ್ಟಿಲು ಹತ್ತುವಾಗಲೇ ತಿಳಿದುಬಿಡುತ್ತದೆ.

"ಕನ್ನಡಕದ ಅಂಗಡಿ ಯಜಮಾನ್ರ ಗಾಡಿ ಅಲ್ವಾ ಮೇಡಂ ಇದು?" ಎಂದೆ. ವರ್ಷಕ್ಕೊಮ್ಮೆ ಅಂಗಡಿಗೆ ಬೀಗ ಹಾಕಿ, ಒಬ್ಬರೇ ಈ ಗಾಡಿ ಏರಿ ಬೆಟ್ಟಗುಡ್ಡ ಸುತ್ತಿ ಬರುವ ಆಸಾಮಿ. ನಾನು ಹಾಕಿಕೊಂಡಿರುವ ಕನ್ನಡಕವೂ ಅವರೇ ಕೊಟ್ಟದ್ದು.

ಮೇಡಂ ರಸ್ತೆಯನ್ನೇ ನೋಡುತ್ತಿದ್ದರು. "ಹಿಂದಿನ ಚಕ್ರ ಉಜ್ಜಿದ ಗುರುತಿದೆ. ಮುಂದಿನದೆಲ್ಲಿ?"

ಇರಲಿಲ್ಲ. ಅಂದರೆ ಮುಂದಿನ ಬ್ರೇಕ್ ಹಿಡಿದೇ ಇಲ್ಲ. ಮೇಡಂ ಕುಕ್ಕರಗಾಲಲ್ಲಿ ಕೂತು, ಮುಂದಿನ ಚಕ್ರದ ಎಡಗಡೆಯ ಬ್ರೇಕ್ ಡಿಸ್ಕಿಗೆ ಕರ್ಚೀಫು ಒತ್ತಿ ಮೂಸಿದರು. ಮುಖ ಕಿವುಚಿದರು.

"ಎಣ್ಣೆ. ಕೊಳೆತ ಮೀನಿನ ಥರ ನಾತ."

"ಇನ್ನೇನಾಗುತ್ತೆ ಮೇಡಂ?" ಎಂದು ಹಿಂದಿನಿಂದ ಒಂದು ದನಿ ಬಂತು. ಗಾಡಿ ಎತ್ತಿಕೊಂಡು ಹೋಗಲು ಲಾರಿ ತಂದಿದ್ದ ಹಿರಿಯ ಮೆಕ್ಯಾನಿಕ್. "ಮೊನ್ನೆ ತಾನೇ ಮುಂದಿನ ಫೋರ್ಕ್ ಬದಲಾಯಿಸಿದ್ದಾರೆ. ಸೀಲ್ ಸರಿಯಾಗಿ ಕೂರಿಸದಿದ್ರೆ ಎಣ್ಣೆ ಸೋರಿ ಬ್ರೇಕಿಗೆ ಬರುತ್ತೆ. ಬ್ರೇಕಿಗೆ ಎಣ್ಣೆ ಬಿದ್ರೆ ಮುಗೀತು ಕಥೆ."

"ಬದಲಾಯಿಸಿದ್ದು ಯಾರು?"

ಅವನು ಲಾರಿಯ ಕಡೆ ನೋಡುತ್ತ, "ನನ್ನ ತಮ್ಮನ ಹೆಂಡತಿ" ಎಂದ.

* * *

ಆ ಸಂಗತಿ ಊರಿಗೆಲ್ಲ ಗೊತ್ತು. ಅಣ್ಣ ತಮ್ಮ ಇಬ್ಬರೂ ಸೇರಿ ಒಂದು ಗ್ಯಾರೇಜ್ ನಡೆಸುತ್ತಿದ್ದರು. ತಮ್ಮ ತೀರಿಕೊಂಡ. ಅವನ ಹೆಂಡತಿ ಗಂಡನ ಸ್ಪ್ಯಾನರುಗಳನ್ನು ಮಾರುತ್ತಾಳೆ ಎಂದುಕೊಂಡರೆ, ಅವಳು ಅವನ್ನೇ ಹಿಡಿದು ಕೂತಳು. ಭಾವನಿಗೆ ಅದು ಸರಿಬರಲಿಲ್ಲ. ಮಧ್ಯೆ ಗೋಡೆ ಎದ್ದಿತು, ಮಾತು ನಿಂತಿತು. ಬೀದಿಯವರು ಅವಳನ್ನು ಗ್ಯಾರೇಜ್ ಅಕ್ಕ ಎನ್ನುತ್ತಾರೆ. ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು.

ಆಸ್ಪತ್ರೆಯಲ್ಲಿ ಯಜಮಾನರ ಕಾಲಿಗೆ ಶಸ್ತ್ರಚಿಕಿತ್ಸೆ ನಡೆದಿತ್ತು. ಒಳಗೆ ಹೋಗುವ ಮೊದಲು ಅವರು ಹೇಳಿದ್ದು ಒಂದೇ ಮಾತು, "ಬ್ರೇಕ್ ಹಿಡೀಲಿಲ್ಲ." ಹೆಂಡತಿ ಅಳುತ್ತಲೇ ಗ್ಯಾರೇಜ್ ಅಕ್ಕನ ಮೇಲೆ ದೂರು ಕೊಟ್ಟರು.

ನಾವು ಗ್ಯಾರೇಜಿಗೆ ಬಂದಾಗ ನಮಗಿಂತ ಮೊದಲೇ ಯಜಮಾನರ ಅಪ್ಪ ಬಂದಿದ್ದರು. ತಂತಿ ತಾತ. ಟೆಲಿಗ್ರಾಂ ಇದ್ದ ಕಾಲದಲ್ಲಿ ಮೋಟಾರ್ ಸೈಕಲ್ ಮೇಲೆ ಮನೆಮನೆಗೆ ತಂತಿ ಮುಟ್ಟಿಸಿದವರು. ಈಗ ಕೈಯಲ್ಲಿ ಊರುಗೋಲು, ಕಣ್ಣಿಗೆ ಮಗ ಕೊಟ್ಟ ದಪ್ಪ ಗಾಜು. ನಡುಬೀದಿಯಲ್ಲಿ ನಿಂತು ಕೂಗುತ್ತಿದ್ದರು.

"ಒಂದು ಸೀಲ್ ಕೂರಿಸೋಕೆ ಬರ್ದೇ ಇದ್ದೋಳು ಬೋರ್ಡ್ ಯಾಕೆ ಹಾಕ್ಕೊಂಡೆ? ನನ್ನ ಮಗನನ್ನ ಕೊಲ್ಲೋಕಾ? ಹೆಂಗಸಿನ ಕೈಗೆ ಗಾಡಿ ಕೊಟ್ಟಿದ್ದೇ ತಪ್ಪು!"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಯಾರಿಗೂ ಸೋಲದ ನಾಲಿಗೆ ಅಂದು ಏಳಲೇ ಇಲ್ಲ. ಆಗಲೇ ಇಬ್ಬರು ಗಿರಾಕಿಗಳು ರಿಪೇರಿಗೆ ಬಿಟ್ಟಿದ್ದ ತಮ್ಮ ಗಾಡಿಗಳನ್ನು ತಳ್ಳಿಕೊಂಡು ಹೊರಟಿದ್ದರು.

"ವಿಚಾರಣೆ ಮುಗಿಯೋವರೆಗೆ ಗ್ಯಾರೇಜಿಗೆ ಬೀಗ ಹಾಕಬೇಕಾಗುತ್ತೆ," ಎಂದರು ಮೇಡಂ.

"ಹಾಕಿ. ಆದರೆ ಒಂದು ಮಾತು," ಎಂದಳು ಅಕ್ಕ. "ಆ ಫೋರ್ಕ್ ಬಿಚ್ಚಿ ನೋಡಿ. ನನ್ನ ತಪ್ಪು ಅಂತ ಬಂದ್ರೆ ಈ ಬೀಗ ನೀವು ತೆಗೆಯೋದು ಬೇಡ. ನಾನೇ ತೆಗೆಯಲ್ಲ."

"ಯಾರು ಬಿಚ್ಚಬೇಕು? ನೀವೇ ಬಿಚ್ಚಿದ್ರೆ ಜನ ನಂಬಲ್ಲ."

ಅಕ್ಕ ಗೋಡೆಯ ಆ ಕಡೆ ನೋಡಿದಳು. "ಭಾವನೇ ಬಿಚ್ಚಲಿ."

* * *

ಮರುದಿನ ಬೆಳಿಗ್ಗೆ ಗೋಡೆಯ ಆಚೆ ಬದಿಯಲ್ಲಿ, ಭಾವನ ಗ್ಯಾರೇಜಿನಲ್ಲಿ ಸೇರಿದೆವು. ಗಾಡಿಯ ಎಂಜಿನ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಮುಂದಿನ ಚಕ್ರ ನೆಲದಿಂದ ಎತ್ತಿದ್ದರು. ಫೋರ್ಕ್ ಎಂದರೆ ಆ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಉದ್ದನೆಯ ಕಾಲುಗಳು. ಒಂದು ಕೊಳವೆಯೊಳಗೆ ಇನ್ನೊಂದು ಜಾರುತ್ತದೆ. ಒಳಗೆ ಸ್ಪ್ರಿಂಗ್, ಎಣ್ಣೆ. ಎಣ್ಣೆ ಹೊರಗೆ ಬರದಂತೆ ತಡೆಯಲು ಒಂದು ರಬ್ಬರ್ ಸೀಲ್. ಸಾಮಾನು ಹೇರಿಕೊಂಡು ಬ್ರೇಕ್ ಹಿಡಿದರೆ ಹಳೆಯ ಫೋರ್ಕ್ ಮೂಗು ಮುಗ್ಗರಿಸುವಂತೆ ತಗ್ಗುತ್ತಿತ್ತಂತೆ. ಅದಕ್ಕೇ ಯಜಮಾನರು ದಪ್ಪನೆಯ, ಗಟ್ಟಿಮುಟ್ಟಾದ ಹೊಸ ಜೋಡಿ ಹಾಕಿಸಿದ್ದು.

ಭಾವ ಡಿಸ್ಕನ್ನು ಕಚ್ಚಿ ಹಿಡಿಯುವ ಬ್ರೇಕ್ ಕ್ಯಾಲಿಪರ್ ಬಿಚ್ಚಿ, ಪೈಪ್ ಜಗ್ಗದಂತೆ ತಂತಿಯಲ್ಲಿ ನೇತುಹಾಕಿದ. ಚಕ್ರ ತೆಗೆದ. ಮಡ್‌ಗಾರ್ಡ್ ತೆಗೆದ. ಆಮೇಲೆ ಫೋರ್ಕಿನ ಎಡಗಾಲನ್ನು ಹಿಡಿದಿದ್ದ ಕ್ಲಾಂಪಿಗೆ ಸ್ಪ್ಯಾನರ್ ಹಾಕಿದ.

"ಮೊದಲು ಮೇಲಿನ ಮುಚ್ಚಳ ಸಡಿಲ ಮಾಡಿ ಭಾವ!" ಅಕ್ಕನಿಗೆ ತಡೆಯಲಾಗಲಿಲ್ಲ. "ಕಾಲು ಕಳಚಿ ಕೈಗೆ ಬಂದ್ಮೇಲೆ ಮುಚ್ಚಳ ತಿರುಗಿಸೋಕೆ ಹಿಡಿತ ಎಲ್ಲಿ ಸಿಗುತ್ತೆ?"

"ಗೊತ್ತು. ನಿನ್ನ ಗಂಡನಿಗೆ ಅದನ್ನ ಹೇಳಿಕೊಟ್ಟೋನೇ ನಾನು."

"ಅವರು ನನಗೆ ಹೇಳಿಕೊಟ್ರು. ನೀವು ಮರೆತಿದ್ದೀರಿ."

ಭಾವ ಮುಚ್ಚಳ ಸಡಿಲ ಮಾಡಿದ. ಗೋಡೆ ಎದ್ದ ಮೇಲೆ ಅವರಿಬ್ಬರೂ ಆಡಿದ ಮೊದಲ ಮಾತು ಅದೇ ಇರಬೇಕು. ಕ್ಲಾಂಪ್ ಬಿಟ್ಟುಕೊಂಡಿತು. ಎಡಗಾಲನ್ನು ಮೆಲ್ಲಗೆ ತಿರುಚುತ್ತ ಕೆಳಕ್ಕೆ ಎಳೆದು ಹೊರತೆಗೆದ.

ಒಳಗಿನ ಎಣ್ಣೆಯನ್ನು ಅಳತೆಯ ಜಾಡಿಗೆ ಬಗ್ಗಿಸಿದ. ತಿಳಿಗೆಂಪು ಬಣ್ಣ. ಎಷ್ಟಿರಬೇಕೋ ಅಷ್ಟಕ್ಕೆ ಬಂದು ನಿಂತಿತು. ಒಂದು ಹನಿಯೂ ಕಡಿಮೆಯಿಲ್ಲ. ಸೀಲ್ ಹೊರತೆಗೆದು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಗೀರಿಲ್ಲ, ಮಡಿಕೆಯಿಲ್ಲ.

"ಏನಂತೀರಿ?" ಎಂದರು ಮೇಡಂ.

ಭಾವ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ಕೆಲಸದಲ್ಲಿ ತಪ್ಪಿಲ್ಲ," ಎಂದ ಕೊನೆಗೆ. "ನಾನು ಮಾಡಿದ್ರೂ ಹೀಗೇ ಮಾಡ್ತಿದ್ದೆ."

ಅಕ್ಕ ಮುಖ ತಿರುಗಿಸಿಕೊಂಡಳು. ಕಣ್ಣು ತುಂಬಿದ್ದನ್ನು ನಾನು ನೋಡಿದೆ.

"ಒಳಗಿರೋದು ಕೆಂಪು, ವಾಸನೆಯಿಲ್ಲ," ಎಂದರು ಮೇಡಂ. ಕರ್ಚೀಫು ಬಿಡಿಸಿದರು. "ಬ್ರೇಕಿನ ಮೇಲಿದ್ದದ್ದು ಕಪ್ಪು, ಗಬ್ಬು ನಾತ. ಇದು ಎಲ್ಲಿಯದು?"

"ಹಳೇ ಫೋರ್ಕ್ ಎಣ್ಣೆ," ಎಂದರು ಭಾವ ಮತ್ತು ಅಕ್ಕ ಒಟ್ಟಿಗೇ. ಬಹಳ ಕಾಲ ಬದಲಾಯಿಸದಿದ್ದರೆ ಅದಕ್ಕೆ ಅಂಥದೇ ನಾತ ಬರುತ್ತದಂತೆ.

ಮೇಡಂ ಬಿಚ್ಚಿದ ಕಾಲನ್ನು ಅಡ್ಡ ಮಲಗಿಸಿ ನೋಡಿದರು. ಎಣ್ಣೆ ಹರಿದಲ್ಲೆಲ್ಲ ರಸ್ತೆಯ ಧೂಳು ಅಂಟಿ ಒಂದು ಪಟ್ಟೆಯಾಗಿತ್ತು. "ಸೀಲ್ ಇರೋದು ಎಲ್ಲಿ?"

ಅಕ್ಕ ತೋರಿಸಿದಳು. ದಪ್ಪ ಕೊಳವೆಯ ತುದಿಯಲ್ಲಿ, ಚಕ್ರಕ್ಕೆ ಹತ್ತಿರ, ಕೆಳಗಡೆ. ಆದರೆ ಧೂಳಿನ ಪಟ್ಟೆ ಶುರುವಾಗಿದ್ದು ಅದಕ್ಕಿಂತ ಒಂದು ಗೇಣು ಮೇಲೆ. ಎಣ್ಣೆ ತಾನಾಗಿ ಮೇಲಕ್ಕೆ ಹತ್ತುವುದಿಲ್ಲ. ಯಾರೋ ಅಲ್ಲಿ ಸುರಿದಿದ್ದರು.

ಹಳೇ ಎಣ್ಣೆ ಯಾರ ಹತ್ತಿರ ಇರುತ್ತದೆ? ಭಾವನ ಮೂಲೆಯಲ್ಲಿ ಡ್ರಮ್ಮುಗಟ್ಟಲೆ ಇತ್ತು. ನಾನು ಅವನನ್ನು ದುರುಗುಟ್ಟಿ ನೋಡಿದೆ. "ಘಟನೆಯ ಹಿಂದಿನ ಸಂಜೆ ಯಜಮಾನ್ರ ಮನೆ ಗೇಟಿನ ಹತ್ತಿರ ನಿಂತಿದ್ದೆ ಅಲ್ವಾ ನೀನು? ನಾನೇ ನೋಡಿದ್ದೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವನ ಮುಖ.

"ಹೋಗಿದ್ದೆ," ಎಂದ. "ಇವಳು ಹಾಕಿದ ಫೋರ್ಕನ್ನ ಒಂದ್ಸಲ ನಾನೂ ನೋಡ್ತೀನಿ ಅಂತ ಕೇಳೋಕೆ. ಬೇಡ ಅಂದ್ರು, ವಾಪಸ್ ಬಂದೆ. ಎಷ್ಟಾದ್ರೂ ತಮ್ಮನ ಹೆಂಡ್ತಿ. ಇವಳ ಹೆಸರು ಕೆಟ್ರೆ ಕೆಡೋದು ನಮ್ಮನೆ ಹೆಸರೇ ಅಲ್ವಾ?"

ನನಗೆ ನಂಬಿಕೆ ಬರಲಿಲ್ಲ. ಮೇಡಂ ಮಾತ್ರ ಆಗಲೇ ಜೀಪು ಹತ್ತಿ ಕೂತಿದ್ದರು.

* * *

"ಹಳೇ ಫೋರ್ಕ್? ಇಲ್ಲೇ ಇದೆ," ಎಂದು ಯಜಮಾನರ ಹೆಂಡತಿ ನಮ್ಮನ್ನು ಹಿತ್ತಿಲ ಶೆಡ್ಡಿಗೆ ಕರೆದೊಯ್ದರು. ಬದಲಾಯಿಸಿದ ಸಾಮಾನನ್ನು ಗ್ಯಾರೇಜಿನಲ್ಲಿ ಬಿಟ್ಟುಬರುವ ಜಾಯಮಾನ ಯಜಮಾನರದ್ದಲ್ಲ. ಹಳೆಯ ಜೋಡಿ ಒಂದು ತಗಡಿನ ತಟ್ಟೆಯಲ್ಲಿ ಗೋಡೆಗೊರಗಿ ನಿಂತಿತ್ತು. ಸೋರಿದ ಕಪ್ಪೆಣ್ಣೆ ತಟ್ಟೆಯಲ್ಲಿ ನಿಂತಿತ್ತು. ಮೂಸಲು ಮೇಡಂ ಮೂಗೇ ಬೇಕಿರಲಿಲ್ಲ, ನನ್ನದೇ ಸಾಕಾಯಿತು.

ತಟ್ಟೆಯ ಹಿಂದೆ ಏನೋ ಹೊಳೆಯಿತು. ಒಂದು ಪುಟ್ಟ ಚಮಚ.

"ಅಯ್ಯೋ, ಇದು ಮಾವನ ಟಾನಿಕ್ ಚಮಚ!" ಎಂದರು ಆಕೆ. "ಎಲ್ಲೆಲ್ಲಿ ಹುಡುಕಿದ್ದೀನಿ. ನಮ್ಮ ಯಜಮಾನ್ರೇ ಏನಕ್ಕೋ ತಗೊಂಡು ಬಂದಿರ್ಬೇಕು."

ಮೇಡಂ ಚಮಚವನ್ನು ಕವರಿಗೆ ಹಾಕಿಕೊಂಡರು. "ಗಾಡಿ ತೆಗೆಯೋ ಮುಂಚೆ ಯಜಮಾನ್ರು ಏನಾದ್ರೂ ನೋಡ್ಕೊಳ್ತಿದ್ರಾ?"

"ನೋಡ್ಕೊಳ್ತಿದ್ರಾ ಅಂತೀರಾ! ದಿನಾ ಫೋರ್ಕಿನ ಸುತ್ತ ಬೆರಳಾಡಿಸಿ ನೋಡ್ತಾರೆ. ಬೆರಳು ಒದ್ದೆಯಾದ್ರೆ ಅವತ್ತು ಗಾಡಿ ಹೊರಗೆ ತೆಗೆಯಲ್ಲ. ಮಾವ ಚಿಕ್ಕಂದಿನಲ್ಲೇ ಕಲಿಸಿದ್ದಂತೆ. ನನ್ನ ತಂಗಿ ಮದುವೆ ದಿನವೂ ಹಾಗೇ ಗಾಡಿ ಬಿಟ್ಟು ಬಸ್ಸಲ್ಲಿ ಬಂದ್ರು."

"ನಿನ್ನೆ?"

ಆಕೆಯ ದನಿ ಇಳಿಯಿತು. "ಹೊಸ ಫೋರ್ಕಿಗೆ ಬೆರಳೇನು ಆಡಿಸೋದು ಅಂತ ನಗ್ತಾ ಹೊರಟ್ರು."

ಕಿಟಕಿಯೊಳಗೆ ತಂತಿ ತಾತ ಕುರ್ಚಿಯಲ್ಲಿ ಕೂತಿದ್ದರು. ಎದುರಿಗಿಟ್ಟ ಊಟ ಹಾಗೇ ಇತ್ತು. ಮೇಡಂ ಅವರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ, ಮಗಳು ಕೇಳುವ ಹಾಗೆ ಕೇಳಿದರು.

"ತಾತ, ನೀವು ಹಳೇ ಸವಾರರು. ಗಾಡಿ ನೋಡಿ ಒಂದು ವಿಷಯ ಹೇಳಬೇಕಿತ್ತು. ಬರ್ತೀರಾ?"

"ಬರ್ತೀನಮ್ಮ. ಆ ಹೆಂಗಸು ಮಾಡಿದ ತಪ್ಪು ಎಲ್ಲಿದೆ ಅಂತ ನಾನೇ ತೋರಿಸ್ತೀನಿ."

ಆ ಮಾತಿನಲ್ಲಿ ನಟನೆ ಇರಲಿಲ್ಲ. ನನಗೆ ತಲೆಬುಡ ತಿಳಿಯಲಿಲ್ಲ.

* * *

ಗಾಡಿಯ ಬಲಗಾಲು ಇನ್ನೂ ಬಿಚ್ಚಿರಲಿಲ್ಲ. ಡಿಸ್ಕ್ ಆ ಕಡೆಗೆ ಬರುವಂತೆ ಚಕ್ರವನ್ನು ತಿರುವಿ ಮತ್ತೆ ತಾತ್ಕಾಲಿಕವಾಗಿ ಕೂರಿಸಿದ್ದರು. ಭಾವ, ಅಕ್ಕ, ಯಜಮಾನರ ಹೆಂಡತಿ ಎಲ್ಲರೂ ಇದ್ದರು. ತಾತ ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

"ತಾತ, ಸೀಲ್ ಸೋರಿದ್ರೆ ಮೊದಲು ಎಲ್ಲಿ ಒದ್ದೆಯಾಗುತ್ತೆ? ಮುಟ್ಟಿ ತೋರಿಸಿ."

ತಾತ ಬಗ್ಗಿದರು. ತಡಕಾಡದೆ ನೇರವಾಗಿ ಬೆರಳು ಹೋಗಿ ದಪ್ಪ ಕೊಳವೆಯ ಮೇಲ್ಭಾಗದಲ್ಲಿ ನಿಂತಿತು. ಎಡಗಾಲಿನ ಧೂಳಿನ ಪಟ್ಟೆ ಶುರುವಾಗಿದ್ದೂ ಸರಿಯಾಗಿ ಅದೇ ಎತ್ತರದಲ್ಲಿ.

"ಅಲ್ಲಿ ಸೀಲೇ ಇಲ್ಲ ತಾತ," ಎಂದ ಭಾವ ಮೆಲ್ಲಗೆ.

"ಇಲ್ಲದೇ ಏನು? ಇಲ್ಲೊಂದು ರಬ್ಬರ್ ಬಳೆ, ಅದರ ಮೇಲೆ ಬಟ್ಟಲ ಹಾಗೆ ತಗ್ಗು. ಎಣ್ಣೆ ಅಲ್ಲೇ ನಿಲ್ಲುತ್ತೆ. ನಾನು ಎಷ್ಟು ವರ್ಷ ನೋಡಿದ್ದೀನಿ!"

"ಅದು ಹಳೇದರಲ್ಲಿ," ಎಂದಳು ಅಕ್ಕ. "ಹಳೇದರಲ್ಲಿ ಸಣ್ಣ ಕೊಳವೆ ಮೇಲೆ, ದಪ್ಪದ್ದು ಕೆಳಗೆ. ಇದು ತಲೆಕೆಳಗು. ದಪ್ಪದ್ದು ಮೇಲೆ, ಸಣ್ಣದು ಕೆಳಗೆ. ಬಳೆ ಕೆಳಗಿದೆ. ತಗ್ಗಿನ ಬಟ್ಟಲು ಇಲ್ಲ."

ಮೇಡಂ ಚಮಚದಲ್ಲಿ ಎರಡು ಹನಿ ಎಣ್ಣೆ ತೆಗೆದು, ತಾತ ಮುಟ್ಟಿದ ಜಾಗಕ್ಕೆ ಬಿಟ್ಟರು. ತಾತನ ಕಣ್ಣು ಚಮಚದ ಮೇಲೆ ನಿಂತಿತು. ಅದು ತಮ್ಮದೇ ಟಾನಿಕ್ ಚಮಚ ಎಂದು ಗುರುತು ಸಿಕ್ಕಿತು. ಆಮೇಲೆ ಹನಿಯ ಮೇಲೆ ನಿಂತಿತು.

ಹನಿ ಅಲ್ಲಿ ನಿಲ್ಲಲಿಲ್ಲ. ನುಣ್ಣನೆಯ ಕೊಳವೆಯ ಮೇಲೆ ಅವಸರವಿಲ್ಲದೆ ಇಳಿಯಿತು. ಸೀಲ್ ದಾಟಿತು. ಹೊಳೆಯುವ ಸಣ್ಣ ಕೊಳವೆಗೆ ಬಂತು. ಚಕ್ರದ ನಡುವಿನ ಆಕ್ಸಲ್ ಹತ್ತಿರ ಒಂದಿಷ್ಟು ತಡೆದು, ಉಬ್ಬಿ, ಬ್ರೇಕ್ ಡಿಸ್ಕಿನ ಮೇಲೆ ತೊಟ್ಟಿಕ್ಕಿತು.

ತಾತ ಅಲ್ಲೇ ನೆಲಕ್ಕೆ ಕುಸಿದು ಕೂತರು. "ನಾನು ಹಾಕಿದ್ದು ಮೇಲೆ," ಎಂದರು. "ಬ್ರೇಕ್ ಇರೋದು ಕೆಳಗೆ. ಅಲ್ಲಿಗೆ ಹೋಗಲ್ಲ ಅಂತ... ದೇವರಾಣೆ, ಅಲ್ಲಿಗೆ ಹೋಗಲ್ಲ ಅಂದ್ಕೊಂಡಿದ್ದೆ. ಬ್ರೇಕಿಗೆ ಬಂದದ್ದು ಸೀಲ್ ಸೋರಿದ ಎಣ್ಣೆ ಅಂದ್ಕೊಂಡೇ ಈ ಮಗಳನ್ನ ಬೈದೆ."

"ಮಾವ! ಯಾಕೆ?" ಎಂದು ಸೊಸೆ ಚೀರಿದರು.

"ಅವನಿಗೆ ತಲೆ ಸುತ್ತುತ್ತೆ ಕಣಮ್ಮ. ಹೋದ ವಾರ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದ. ನಾನೊಬ್ಬನೇ ನೋಡಿದ್ದು. ಡಾಕ್ಟರ ಹತ್ತಿರ ಹೋಗೋ ಅಂದ್ರೆ, ಟೂರ್ ಮುಗಿಸಿ ಬಂದು ಹೋಗ್ತೀನಿ ಅಂದ. ನಿನಗೆ ಹೇಳಬಾರ್ದು ಅಂತ ನನ್ನ ಕೈಲಿ ಆಣೆ ಹಾಕಿಸಿಕೊಂಡ. ಆಣೆನೂ ಮುರೀಬಾರ್ದು, ಅವನೂ ಹೋಗಬಾರ್ದು. ಬೆರಳು ಒದ್ದೆಯಾದ್ರೆ ಅವನು ಗಾಡಿ ತೆಗೆಯಲ್ಲ ಅಂತ ನನಗೆ ಗೊತ್ತು. ನಾನೇ ಕಲಿಸಿದ್ದಲ್ವಾ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡ ಮುದುಕ. ಮಗ ಆ ದಿನ ಬೆರಳು ಆಡಿಸಲೇ ಇಲ್ಲ. ಎಣ್ಣೆ ಮಾತ್ರ ರಾತ್ರಿಯಿಡೀ ತನ್ನಷ್ಟಕ್ಕೆ ಇಳಿದು ಬ್ರೇಕ್ ಸೇರಿತು. ಸೊಸೆ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡರು.

* * *

"ನಾನು ಭಾವನೇ ಅಂದುಕೊಂಡಿದ್ದೆ," ಎಂದೆ ಜೀಪಿನಲ್ಲಿ.

"ನೀನು ಅಂದುಕೊಳ್ತೀಯ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ," ಎಂದರು ಮೇಡಂ. "ಮೆಕ್ಯಾನಿಕ್ ಆಗಿದ್ರೆ, ಕೊಲ್ಲಬೇಕು ಅಂದ್ರೆ ಎಣ್ಣೇನ ನೇರ ಬ್ರೇಕಿಗೆ ಹಾಕ್ತಾನೆ. ಸೋರಿದ ಹಾಗೆ ಕಾಣಿಸಬೇಕು ಅಂದ್ರೆ ಸೀಲ್ ಹತ್ತಿರ ಹಾಕ್ತಾನೆ. ಎರಡೂ ಅಲ್ಲದ ಜಾಗದಲ್ಲಿ ಸುರಿದಿದ್ರು. ಅಂದ್ರೆ ಫೋರ್ಕ್ ಗೊತ್ತು, ಆದರೆ ಹಳೇದು ಮಾತ್ರ ಗೊತ್ತು. ಸೊಸೆಗೆ ಫೋರ್ಕೂ ಗೊತ್ತಿಲ್ಲ, ಚಮಚ ಎಲ್ಲಿದೆ ಅಂತಲೂ ಗೊತ್ತಿಲ್ಲ. ಇನ್ನು ಉಳಿದವರು ಯಾರು?"

"ಕೇಸ್ ಹಾಕ್ತೀರಾ ಮೇಡಂ?"

"ಹಾಕಲೇಬೇಕು. ಏನಾಯ್ತು ಅಂತ ಬರೀತೀನಿ. ಯಾಕಾಯ್ತು ಅಂತಲೂ ಬರೀತೀನಿ. ಮುಂದಿನದು ನ್ಯಾಯಾಧೀಶರಿಗೆ ಬಿಟ್ಟದ್ದು." ಜೀಪಿನ ಬಾಗಿಲಿಗೆ ಮೊಣಕೈ ಊರಿದರು. "ನನ್ನಪ್ಪನಿಗೂ ಹೀಗೇ. ಪ್ರೀತಿ ಇತ್ತು, ಬಾಯಿರಲಿಲ್ಲ."

ಆಸ್ಪತ್ರೆಯಲ್ಲಿ ಡಾಕ್ಟರು ಯಜಮಾನರ ಹೃದಯ ಆಗಾಗ ಬಡಿತ ತಪ್ಪುತ್ತಿರುವುದನ್ನು ಕಂಡುಹಿಡಿದಿದ್ದರು. ತಲೆಸುತ್ತಿಗೆ ಅದೇ ಕಾರಣವಂತೆ. ತಾತ ಹಾಸಿಗೆಯ ಬಳಿ ನಿಂತು ಎಲ್ಲ ಹೇಳಿದರು. ಮಗ ಕೇಳಿಸಿಕೊಂಡು ಗೋಡೆಯ ಕಡೆ ನೋಡಿದರು. "ನೀವು ಕಲಿಸಿದ್ದನ್ನ ನಾನೇ ಮರೆತೆ ಅಪ್ಪ," ಎಂದರು. "ಆದರೆ ಆ ಅಕ್ಕ ಏನು ತಪ್ಪು ಮಾಡಿದ್ದಳು?"

* * *

ಗ್ಯಾರೇಜಿನ ಬೀಗ ತೆಗೆದ ದಿನ ನಾನೇ ಕೀಲಿ ಒಯ್ದಿದ್ದೆ. ಬಾಗಿಲು ತೆರೆಯಿತು, ಆದರೆ ಒಬ್ಬ ಗಿರಾಕಿಯೂ ಬರಲಿಲ್ಲ. ಸುದ್ದಿ ಹರಡುವಷ್ಟು ಬೇಗ ಅದರ ತಿದ್ದುಪಡಿ ಹರಡುವುದಿಲ್ಲ. ಭಾವನ ಕಡೆಯಿಂದ ಬಂದ ಒಂದೇ ಒಂದು ಗಾಡಿ ಒಳಗಿತ್ತು, ಯಜಮಾನರದ್ದು. "ನನಗೆ ಪುರುಸೊತ್ತಿಲ್ಲ, ನೀನು ನೋಡು" ಎಂದು ಕೊಟ್ಟುಹೋಗಿದ್ದನಂತೆ. ಅವನಿಗೆ ಪುರುಸೊತ್ತು ಬೇಕಾದಷ್ಟಿತ್ತು.

ಅಕ್ಕ ಯಜಮಾನರ ಗಾಡಿಗೆ ಫೋರ್ಕ್ ಮತ್ತೆ ಜೋಡಿಸಿ ಮುಗಿಸಿದ್ದಳು. ಆಗ ಊರುಗೋಲಿನ ಸದ್ದು ಕೇಳಿಸಿತು. ತಂತಿ ತಾತ ನಡೆದೇ ಬಂದಿದ್ದರು. ಅಂದು ನಿಂತಿದ್ದ ಜಾಗಕ್ಕೇ ಹೋಗಿ, ನಡುಬೀದಿಯಲ್ಲಿ ನಿಂತರು.

"ಎಲ್ಲರೂ ಕೇಳಿ!" ಎಂದು ಕೂಗಿದರು. ದನಿ ನಡುಗಿತು, ಆದರೆ ತಗ್ಗಲಿಲ್ಲ. "ಅವತ್ತು ಇಲ್ಲೇ ನಿಂತು ಈ ಮಗಳ ಮಾನ ಕಳೆದೆ. ಇವಳ ಕೆಲಸದಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನದು. ಎಣ್ಣೆ ಸುರಿದೋನು ನಾನು!"

ಅಂಗಡಿಗಳಿಂದ ತಲೆಗಳು ಹೊರಬಂದವು. ಅಕ್ಕ ಬಾಗಿಲಲ್ಲೇ ಗಟ್ಟಿ ಮುಖ ಮಾಡಿ ನಿಂತಿದ್ದಳು. ಕ್ಷಮಿಸಿದೆ ಎನ್ನಲಿಲ್ಲ. ಒಳಗೆ ಹೋಗಿ, ಗಾಡಿಯನ್ನು ಬೀದಿಗೆ ತಳ್ಳಿಕೊಂಡು ಬಂದು ತಾತನ ಎದುರು ನಿಲ್ಲಿಸಿದಳು.

"ಬೆರಳಾಡಿಸಿ ನೋಡಿ ತಾತ."

"ಎಲ್ಲಿ ಅಂತ ನನಗೆ ಗೊತ್ತಿಲ್ಲವಲ್ಲಮ್ಮ ಈಗ."

ಅಕ್ಕ ಕೂತಳು. ತಾತನ ಕೈ ಹಿಡಿದು, ಕೆಳಗೆ, ಚಕ್ರದ ಹತ್ತಿರ ಇಟ್ಟಳು. "ಇಲ್ಲಿ. ಈಗ ಸೀಲ್ ಇಲ್ಲಿರುತ್ತೆ."

ತಾತ ಸುತ್ತಲೂ ಬೆರಳಾಡಿಸಿದರು. ಎಡಗಾಲು, ಆಮೇಲೆ ಬಲಗಾಲು. ಬೆರಳನ್ನು ಕನ್ನಡಕದ ಹತ್ತಿರ ತಂದು ನೋಡಿಕೊಂಡರು. ಆಮೇಲೆ ಆ ಬೆರಳನ್ನು ಬೀದಿಗೆಲ್ಲ ಕಾಣುವ ಹಾಗೆ ಮೇಲೆತ್ತಿದರು.

"ಒದ್ದೆ ಇಲ್ಲ!" ಎಂದು ಕೂಗಿದರು. ಕೊನೆಯ ಅಂಗಡಿಯವರೆಗೂ ಕೇಳಿಸಿತು.